ಹಿಂದಿನ ಸೀಟಿನ ಎರಡು ಬೆಲ್ಟು

ನನ್ನ ಪಿಕಪ್ಪಿಗೆ ಹಿಂದೆಯೂ ಒಂದು ಸೀಟಿದೆ. ಮುಂದೆ ಇಬ್ಬರು, ಹಿಂದೆ ಮೂವರು, ಅದರ ಹಿಂದೆ ಸಾಮಾನು ತುಂಬುವ ತೊಟ್ಟಿ. ಗಾಡಿ ತೆಗೆದುಕೊಳ್ಳುವಾಗ ಆ ಹಿಂದಿನ ಸೀಟು ನನಗೆ ದೊಡ್ಡಸ್ತಿಕೆಯ ವಿಷಯವಾಗಿತ್ತು. ಬಾಡಿಗೆಗೂ ಆಯಿತು, ಮನೆಯವರನ್ನು ಕೂರಿಸಿಕೊಂಡು ಮದುವೆಗೆ ಹೋಗಲಿಕ್ಕೂ ಆಯಿತು ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದ್ದೆ.

ನಮ್ಮದು ಕುಮಟಾದ ಹತ್ತಿರ, ಸಿಹಿ ಈರುಳ್ಳಿ ಬೆಳೆಯುವ ಊರು. ಬೇಸಿಗೆ ಬಂತೆಂದರೆ ಹೆಂಗಸರು ಅಂಗಳದಲ್ಲಿ ಕಾಲು ಚಾಚಿ ಕೂತು, ಈರುಳ್ಳಿಯ ಒಣಗಿದ ಸೊಪ್ಪನ್ನು ಜಡೆಯ ಹಾಗೆ ಹೆಣೆದು ಗೊಂಚಲು ಮಾಡುತ್ತಾರೆ. ನನ್ನ ಹೆಂಡತಿ ಹೆಣೆಯುವಾಗ ಕೈ ನೋಡುತ್ತಲೇ ಇರಲಿಲ್ಲ. ಮಾತು ಒಂದು ಕಡೆ, ಕಣ್ಣು ಒಂದು ಕಡೆ, ಬೆರಳು ತಮ್ಮಷ್ಟಕ್ಕೆ ಓಡುತ್ತಿದ್ದವು. ಅವಳು ಕಟ್ಟಿದ ಗೊಂಚಲು ಮಳೆಗಾಲ ಪೂರ್ತಿ ತೂಗುಹಾಕಿದರೂ ಒಂದು ಗಡ್ಡೆ ಉದುರುತ್ತಿರಲಿಲ್ಲ. ನಾನು ಅದನ್ನು ತುಂಬಿಕೊಂಡು ಹೊನ್ನಾವರದ ಅಂಗಡಿಗಳಿಗೆ, ಭಾನುವಾರ ಭಟ್ಕಳದ ಸಂತೆಗೆ ಒಯ್ಯುತ್ತಿದ್ದೆ.

ಗಾಡಿ ಬಂದ ವಾರವೇ ಸೀಟಿಗೆ ಕೆಂಪು ರೆಕ್ಸಿನ್ ಕವರ್ ಹಾಕಿಸಿದೆ. ಕವರ್ ಹಾಕುವವನು ಹಿಂದಿನ ಬೆಲ್ಟಿನ ಬಕಲ್‌ಗಳನ್ನು ಸೀಟಿನ ಸಂದಿಗೆ ತುರುಕಿ ಮೇಲಿಂದ ರೆಕ್ಸಿನ್ ಬಿಗಿದುಬಿಟ್ಟ. ಬೇಕೋ ಬೇಡವೋ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಕಡೆ ಎಲ್ಲರ ಗಾಡಿಯಲ್ಲೂ ಹಾಗೇ. ಮುಂದಿನ ಬೆಲ್ಟು ಪೊಲೀಸರಿಗಾಗಿ. ಹಿಂದಿನದು ಯಾರಿಗೂ ಅಲ್ಲ, ಕೂತವರ ಸೊಂಟಕ್ಕೆ ಚುಚ್ಚುತ್ತದೆ ಅಷ್ಟೇ. ಅದು ಕಣ್ಣಿಗೆ ಬೀಳದಿದ್ದರೇ ಸೀಟು ಚಂದ ಎಂದು ನಾನೂ ಮೆಚ್ಚಿಕೊಂಡೆ.

ಆ ಸೀಟಿನಲ್ಲಿ ಕೂತ ಮೊದಲ ನಾಯಿಯನ್ನು ಕೊಂದವನು ನಾನು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

ಕಪ್ಪು ಹೆಣ್ಣು ನಾಯಿ. ಯಾರೂ ತಂದು ಸಾಕಿದ್ದಲ್ಲ. ಅಂಗಳದಲ್ಲಿ ಈರುಳ್ಳಿ ಹರವಿದಾಗ ಬೀಡಾಡಿ ದನ ಬಾಯಿ ಹಾಕದ ಹಾಗೆ ತಾನಾಗಿ ಕಾವಲು ಕೂತು, ಹಾಗೇ ನಮ್ಮ ಮನೆಯದಾಯಿತು. ನಮ್ಮಲ್ಲಿ ನಾಯಿಗೆ ಹೆಸರಿಡುವ ಉಪಚಾರ ಇಲ್ಲ, ಬಾ ಅಂದರೆ ಬರುತ್ತಿತ್ತು. ಒಂದು ಬೇಸಿಗೆಯಲ್ಲಿ ಅದರ ಕಿವಿಯ ಹಿಂದೆ ಗಾಯವಾಗಿ ಹುಳ ಬಿತ್ತು. ಹೆಂಡತಿ ಕರ್ಪೂರವನ್ನು ತೆಂಗಿನೆಣ್ಣೆಯಲ್ಲಿ ಕದಡಿ ಹಚ್ಚಿದಳು. ಕಡಿಮೆಯಾಗಲಿಲ್ಲ. ಹೊನ್ನಾವರದಲ್ಲಿ ನಾಯಿಯನ್ನೂ ಮನಸ್ಸಿಟ್ಟು ನೋಡುವ ದನದ ಡಾಕ್ಟರೊಬ್ಬರಿದ್ದರು. ಭಾನುವಾರ ಹೇಗೂ ಭಟ್ಕಳಕ್ಕೆ ಹೋಗುವವನು, ದಾರಿಯಲ್ಲಿ ತೋರಿಸಿಕೊಂಡು ಹೋಗುತ್ತೇನೆ ಅಂದೆ.

ನಾನು ಬುದ್ಧಿ ಬಂದಾಗಿನಿಂದ ದನ ಕಟ್ಟಿದವನು. ಕರುವನ್ನು ಗಾಡಿಯಲ್ಲಿ ಒಯ್ಯುವಾಗ ಕುತ್ತಿಗೆಗೆ ಹಗ್ಗ ಹಾಕಿ ಗಿಡ್ಡಕ್ಕೆ ಕಟ್ಟಬೇಕು, ಇಲ್ಲದಿದ್ದರೆ ಹಾರುತ್ತದೆ. ನಾಯಿಯನ್ನೂ ಹಾಗೆಯೇ ಕಟ್ಟಿದೆ. ಕುತ್ತಿಗೆಗೆ ತೆಂಗಿನ ನಾರಿನ ಹಗ್ಗ, ಇನ್ನೊಂದು ತುದಿ ಸೀಟಿನ ಕೆಳಗಿನ ಕಬ್ಬಿಣಕ್ಕೆ. ಸೆಕೆ ಜೋರಿತ್ತು, ಪಾಪ ಗಾಳಿಯಾಡಲಿ ಎಂದು ಗಾಜು ಪೂರ್ತಿ ಇಳಿಸಿದೆ. ಕರು ಕಿಟಕಿಯಿಂದ ಹಾರುವ ಪ್ರಾಣಿಯಲ್ಲ, ನಾಯಿ ಹಾರುತ್ತದೆ ಎಂಬುದು ಈ ಮಂಡೆಗೆ ಹೊಳೆಯಲಿಲ್ಲ.

ಹಳದೀಪುರ ದಾಟಿದ ಮೇಲೆ ಹಿಂದಿನಿಂದ ಒಬ್ಬ ಬೈಕಿನವನು ಒಂದೇ ಸಮನೆ ಹಾರನ್ ಬಾರಿಸತೊಡಗಿದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಇವನಪ್ಪನ ರಸ್ತೆಯಾ ಎಂದು ಬೈದುಕೊಂಡು, ಸೈಡು ಕೊಡದೆ, ಬೇಕೆಂತಲೇ ಇನ್ನಷ್ಟು ಜೋರು ಬಿಟ್ಟೆ. ಅವನು ಬಿಡಲಿಲ್ಲ. ಹೇಗೋ ಪಕ್ಕಕ್ಕೆ ಬಂದು, ಕೈ ಬೀಸಿ ನನ್ನ ಗಾಡಿಯ ಹಿಂದಿನ ಬಾಗಿಲನ್ನು ತೋರಿಸಿದ. ಕರ್ಕಿ ಬರುವುದಕ್ಕೆ ಸ್ವಲ್ಪ ಮೊದಲು ನಿಲ್ಲಿಸಿ ಇಳಿದು ನೋಡಿದೆ. ಗಿಡ್ಡ ಎಂದುಕೊಂಡಿದ್ದ ಹಗ್ಗ ಕಿಟಕಿ ದಾಟುವಷ್ಟು ಉದ್ದ ಇತ್ತು. ನೆಲ ಮುಟ್ಟುವಷ್ಟು ಉದ್ದ ಇರಲಿಲ್ಲ.

ಬೈಕಿನವನು ಹೆಲ್ಮೆಟ್ ತೆಗೆದು ಒಂದು ಗಳಿಗೆ ನಿಂತ. ಬೈಯುತ್ತಾನೆ ಅಂದುಕೊಂಡೆ. ಏನೂ ಅನ್ನದೆ ಹೆಲ್ಮೆಟ್ ಹಾಕಿಕೊಂಡು ಹೋದ. ನಾಲ್ಕು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಲ್ಲಿಂದ ಮನೆಗೆ ತಿರುಗಲಿಲ್ಲ ನಾನು. ನಾಯಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಗೋಣಿಚೀಲ ಹೊದಿಸಿ, ಭಟ್ಕಳದ ಸಂತೆಗೇ ಹೋದೆ. ತೊಟ್ಟಿಯಲ್ಲಿ ಊರವರ ಈರುಳ್ಳಿಯಿತ್ತು ಎಂಬುದು ನೆಪ. ನಿಜ ಹೇಳಬೇಕೆಂದರೆ ಮನೆಗೆ ಹೋಗಲು ಧೈರ್ಯವಿರಲಿಲ್ಲ. ಇಡೀ ಹಗಲು ಸಂತೆಯಲ್ಲಿ ನಿಂತು ಗೊಂಚಲು ಎತ್ತಿ ಎತ್ತಿ ಕೊಟ್ಟೆ. ಸಂಜೆ ಮನೆ ಮುಟ್ಟಿದಾಗ ಹೆಂಡತಿ ಡಾಕ್ಟರು ಏನಂದರು ಎಂದು ಕೇಳುತ್ತಲೇ ಬಾಗಿಲು ತೆಗೆದಳು. ಗೋಣಿಚೀಲ ಸರಿಸಿದಳು. ನಾನು ನಡೆದದ್ದನ್ನು ಹೇಳಿದೆ.

"ನೀವು ಒಂದ್ಸಲನೂ ಹಿಂದೆ ತಿರುಗಿ ನೋಡ್ಲಿಲ್ವಾ?" ಅಂದಳು.

ಅಷ್ಟೇ. ಅದರ ನಂತರ ಅವಳು ಆ ವಿಷಯ ಎತ್ತಲಿಲ್ಲ. ಹೂಳುವ ಮೊದಲು ಬಿಸಿನೀರು ಕಾಯಿಸಿ ತಂದು ಆ ನಾಯಿಯ ಮೈಯನ್ನೆಲ್ಲ ತೊಳೆದಳು, ಹುಳ ಬಿದ್ದ ಕಿವಿಯನ್ನೂ. ನಾನು ಗುಂಡಿ ತೋಡಿದೆ. ಆಮೇಲೆ ಒಂದು ವರ್ಷ ಅವಳು ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಕೂರಲಿಲ್ಲ. ಮದುವೆಗೂ ಬಸ್ಸಿನಲ್ಲೇ ಬಂದಳು.

ಆ ನಾಯಿಯ ಮರಿಯೊಂದು ಮನೆಯಲ್ಲೇ ಉಳಿದಿತ್ತು. ಇದೂ ಹೆಣ್ಣು, ಕಂದು ಬಣ್ಣ, ತಾಯಿಯ ಹಾಗೆಯೇ ಈರುಳ್ಳಿಯ ಪಕ್ಕ ಕಾವಲು ಕೂರುವ ಬುದ್ಧಿ. ಮುಂದಿನ ಬೇಸಿಗೆಯಲ್ಲಿ ಅದು ಕೂತು ಎದ್ದಲ್ಲೆಲ್ಲ ರಕ್ತದ ಹನಿ ಕಾಣತೊಡಗಿತು. ಬಾಲದ ಕೆಳಗೆ ಹೂಕೋಸಿನ ಹಾಗೆ ಗಡ್ಡೆ. ಫೋನಿನಲ್ಲಿ ಫೋಟೋ ತೆಗೆದು ಹೊನ್ನಾವರದ ಡಾಕ್ಟರಿಗೆ ಕಳಿಸಿದೆ. ಬೀದಿ ನಾಯಿಗಳಿಂದ ಅಂಟುವ ಗಡ್ಡೆ, ಖಂಡಿತ ವಾಸಿಯಾಗುತ್ತದೆ, ವಾರಕ್ಕೊಂದರಂತೆ ಆರು ಇಂಜೆಕ್ಷನ್ ಕೊಡಬೇಕು, ಒಂದು ವಾರವೂ ತಪ್ಪಿಸುವ ಹಾಗಿಲ್ಲ, ಬಿಟ್ಟರೆ ರಕ್ತ ಸೋರಿಯೇ ಸಾಯುತ್ತದೆ ಎಂದರು.

ಹೆಂಡತಿ ಒಪ್ಪಲಿಲ್ಲ. ಸಾಯುವುದಾದರೆ ಮನೆಯಲ್ಲೇ ಸಾಯಲಿ, ನಿಮ್ಮ ಗಾಡಿಗೆ ಮಾತ್ರ ಹತ್ತಿಸುವುದಿಲ್ಲ ಎಂದು ನಾಯಿಯನ್ನು ಅಡುಗೆಮನೆಯ ಹಿಂದೆ ಕಟ್ಟಿಕೊಂಡಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅವತ್ತೇ ಒಳಗೊಳಗೆ ಹಟ ಹಿಡಿದುಬಿಟ್ಟೆ. ಈ ನಾಯಿಯನ್ನು ಆರು ಸಲ ಒಯ್ದು ಆರು ಸಲವೂ ಜೀವಸಹಿತ ಇದೇ ಅಂಗಳದಲ್ಲಿ ಇಳಿಸಬೇಕು. ಆ ಸೀಟಿನಲ್ಲಿ ನನ್ನ ಕೈಯಿಂದ ಇನ್ನೊಂದು ಜೀವಕ್ಕೆ ನೋವಾಗಬಾರದು. ಅಷ್ಟಾದರೆ ಅವಳ ಮುಖವನ್ನು ನೆಟ್ಟಗೆ ನೋಡಬಹುದು ಎಂದಿತ್ತು ನನಗೆ.

ಡಾಕ್ಟರಿಗೆ ಫೋನು ಮಾಡಿ ಒಂದೊಂದೇ ಕೇಳಿಕೊಂಡೆ. ಕುತ್ತಿಗೆಗೆ ಯಾವತ್ತೂ ಕಟ್ಟಬೇಡಿ, ಎದೆಗೆ ಪಟ್ಟಿ ಹಾಕಿ ಅದನ್ನು ಸೀಟ್ ಬೆಲ್ಟಿಗೆ ಸಿಕ್ಕಿಸಿ ಅಂದರು. ಸೀಟಿನ ಮುಂದೆ ಕಾಲಿಡುವ ಹೊಂಡವಿದೆಯಲ್ಲ, ಬ್ರೇಕ್ ಹಾಕಿದರೆ ನಾಯಿ ಅದಕ್ಕೇ ಬೀಳುವುದು, ಅದನ್ನು ಮುಚ್ಚಿ ಅಂದರು. ಸೀಟ್ ಬೆಲ್ಟು ಎಂದಾಗ ನಾನು ಗಾಡಿಗೆ ಹೋಗಿ ನೋಡಿದೆ. ರೆಕ್ಸಿನ್ನು ಬ್ಲೇಡಿನಿಂದ ಕೊಯ್ದು ಸಂದಿಗೆ ಕೈ ಹಾಕಿದರೆ ಬಕಲ್‌ಗಳು ಪ್ಲಾಸ್ಟಿಕ್ ಸುತ್ತಿಕೊಂಡು ಹಾಗೇ ಇದ್ದವು, ಜೊತೆಗೆ ಈರುಳ್ಳಿ ಸಿಪ್ಪೆ, ಧೂಳು, ಯಾರದೋ ಮದುವೆಯ ಅಕ್ಷತೆ. ಎರಡು ಬೆಲ್ಟು, ಎರಡು ತುದಿಗೆ ಒಂದೊಂದು. ನಡುವಿನಲ್ಲಿ ಕೂರುವವರಿಗೆ ಕಂಪನಿಯವರೇ ಕೊಟ್ಟಿರಲಿಲ್ಲ.

ಮೂರು ದಿನ ಬಾಡಿಗೆ ಬಿಟ್ಟು ಅದರಲ್ಲೇ ಮುಳುಗಿದೆ. ಕಾಲಿಡುವ ಹೊಂಡಕ್ಕೆ ತರಕಾರಿಯ ಪ್ಲಾಸ್ಟಿಕ್ ಕ್ರೇಟುಗಳನ್ನು ಕವುಚಿ ಹಾಕಿದೆ. ಅದರ ಮೇಲೆ, ಸೀಟಿನ ಮಟ್ಟಕ್ಕೆ ಸರಿಯಾಗಿ, ಹಳೇ ಮಂಚದ ಹಲಗೆ ಕೊಯ್ದು ಕೂರಿಸಿದೆ. ಹಲಗೆ ಜಾರದ ಹಾಗೆ ಅಡಿಯಲ್ಲಿ ಮರದ ರೀಪು ಹೊಡೆದೆ. ರೆಕ್ಸಿನ್ನು ಬಿಸಿಲಿಗೆ ಹೆಂಚಿನ ಹಾಗೆ ಕಾಯುತ್ತದೆ, ಕಾಲೂ ಜಾರುತ್ತದೆ, ಅದಕ್ಕೆ ನಾರಿನ ಹಾಸಿಗೆ ಹಾಸಿ ಮೇಲೆ ಕಂಬಳಿ ಬಿಗಿದೆ. ಕಿಟಕಿಗೆ ಹೊನ್ನಾವರದ ಮೀನುಗಾರ ಗೆಳೆಯನೊಬ್ಬನಿಂದ ಹಳೇ ಬಲೆಯ ತುಂಡು ತಂದು ಎರಡು ಪದರ ಮಾಡಿ ಹೊಲಿದೆ, ಗಾಳಿ ಬರಬೇಕು, ನಾಯಿಯ ಮೂತಿಯೂ ಹೊರಗೆ ಹೋಗಬಾರದು. ಅಷ್ಟೆಲ್ಲ ಯಾರಿಗೆ, ಅಳಿಯನಿಗಾ ಎಂದು ಅವನು ನಗೆಯಾಡಿದ. ನಕ್ಕುಬಿಟ್ಟೆ.

ಎರಡು ದಿನ ಹೆಂಡತಿ ಜಗಲಿಯಲ್ಲಿ ಈರುಳ್ಳಿ ಹೆಣೆಯುತ್ತ ನನ್ನ ಕಡೆ ನೋಡದ ಹಾಗೆ ನೋಡುತ್ತಿದ್ದಳು. ಮೂರನೇ ದಿನ ಹಳೇ ನೂಲಿನ ಸೀರೆಯೊಂದನ್ನು ಪಟ್ಟಿ ಪಟ್ಟಿ ಹರಿದು, ಈರುಳ್ಳಿ ಗೊಂಚಲಿನದೇ ಹೆಣಿಗೆಯಲ್ಲಿ ಹೆಣೆಯತೊಡಗಿದಳು. ನಾಯಿಯನ್ನು ಕರೆದು ಎದೆಯ ಸುತ್ತ, ಮುಂಗಾಲುಗಳ ನಡುವೆ ಅಳತೆ ಹಿಡಿದಳು. ಸಂಜೆಗೆ ಎದೆಪಟ್ಟಿ ಸಿದ್ಧವಾಯಿತು. ಮೆತ್ತಗೆ, ಅಗಲಕ್ಕೆ, ಎಷ್ಟು ಎಳೆದರೂ ಸಡಿಲವಾಗದ್ದು. ತಂದು ಸ್ಟಿಯರಿಂಗಿಗೆ ನೇತುಹಾಕಿ ಹೋದಳು. ಅವಳು ಒಪ್ಪಿದ್ದು ಹೀಗೆ. ನನಗೆ ಅಳು ಬಂದು, ಗಾಡಿಯೊಳಗೇ ಸ್ವಲ್ಪ ಹೊತ್ತು ಕೂತಿದ್ದೆ.

ಆದರೂ ನಂಬಿಕೆ ಸಾಲಲಿಲ್ಲ. ನಾಯಿಯಷ್ಟೇ ತೂಕದ ಈರುಳ್ಳಿ ಚೀಲಕ್ಕೆ ಆ ಎದೆಪಟ್ಟಿ ಕಟ್ಟಿ, ಒಂದು ಬೆಲ್ಟಿಗೆ ಸಿಕ್ಕಿಸಿ, ಊರ ರಸ್ತೆಯಲ್ಲಿ ಜೋರಾಗಿ ಹೋಗಿ ಬ್ರೇಕ್ ಹೊಡೆದೆ. ಚೀಲ ಒಂದು ಗೇಣು ಮುಂದೆ ಬಂತು. ಎಡದ ಬೆಲ್ಟು, ಬಲದ ಬೆಲ್ಟು ಎರಡನ್ನೂ ಎಳೆದು ಸಿಕ್ಕಿಸಿ ಮತ್ತೆ ಹೊಡೆದೆ. ಅಲ್ಲಾಡಲಿಲ್ಲ. ಮೂರು ಸಲ ಹೊಡೆದು ನೋಡಿದೆ. ಇನ್ನು ಎಂಥದೂ ಆಗುವುದಿಲ್ಲ ಎಂದು ಎದೆ ತಟ್ಟಿಕೊಂಡೆ. ಆ ಹೊತ್ತಿನ ನನ್ನ ಹೆಮ್ಮೆ ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಮೊದಲ ಸಲ ನಾಯಿಯೊಂದೇ ಹಿಂದೆ. ದಾರಿಯುದ್ದಕ್ಕೂ ನಡುಗಿತು, ಕಂಬಳಿ ಒದ್ದೆ ಮಾಡಿತು, ಹೊನ್ನಾವರ ಮುಟ್ಟುವವರೆಗೂ ಗೋಳಿಟ್ಟಿತು. ಎರಡನೇ ವಾರ ಹೆಂಡತಿ ತಾನೂ ಬರುತ್ತೇನೆ ಅಂದಳು. ಮುಂದೆ ಕೂರು ಅಂದೆ. ಮುಂದೆ ಕೂತು ಎಂತ ಮಾಡಲಿ, ಅದಕ್ಕೆ ಹೆದರಿಕೆ ಆಗುವುದು ಹಿಂದೆ ಅಂದಳು. ವರ್ಷದ ಮೇಲೆ ಅವಳು ಆ ಸೀಟಿಗೆ ಹತ್ತಿದ್ದು ಅವತ್ತು. ಹೊಂಡ ಮುಚ್ಚಿದ್ದರಿಂದ ಕಾಲು ಇಳಿಬಿಡಲು ಜಾಗವಿರಲಿಲ್ಲ. ಚಕ್ಕಳಮಕ್ಕಳ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತು, ನಾಯಿಯ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ನಾನು ಎಡದ ಬಕಲ್ ಹಾಕಿದೆ, ಬಲದ ಬಕಲ್ ಹಾಕಿದೆ, ಎರಡನ್ನೂ ಜಗ್ಗಿ ನೋಡಿದೆ. ಅವಳು ನನ್ನ ಶಿಸ್ತನ್ನೇ ನೋಡುತ್ತಿದ್ದವಳು ತಮಾಷೆಗೆ ಕೇಳಿದಳು:

"ಎರಡೂ ಅದಕ್ಕೇ ಆತು. ನಂಗೆ ಯಾವ್ದು?"

"ನೀ ಎಂತ ಕಿಟಕಿಂದ ಹಾರ್ತ್ಯಾ?" ಅಂದೆ.

ಅವಳು ನಕ್ಕಳು. ನಾಯಿ ಸತ್ತ ಮೇಲೆ ಆ ಗಾಡಿಯಲ್ಲಿ ಅವಳು ನಕ್ಕದ್ದು ಅದೇ ಮೊದಲು. ನಾನೂ ನಕ್ಕೆ. ಒಂದು ವರ್ಷದಿಂದ ನಮ್ಮಿಬ್ಬರ ನಡುವೆ ಇದ್ದ ಮುನಿಸು ಆ ಒಂದು ಮಾತಿಗೆ ಇಳಿದುಹೋಯಿತು. ಅದಕ್ಕೇ ಇರಬೇಕು, ಆ ಮಾತಿನಲ್ಲಿ ಏನಿತ್ತೆಂದು ಇಬ್ಬರೂ ಯೋಚಿಸಲಿಲ್ಲ.

ವಾರ ವಾರ ಹೋದೆವು. ಗಡ್ಡೆ ಕುಗ್ಗುತ್ತ ಬಂತು. ನಾಲ್ಕನೇ ವಾರದ ಹೊತ್ತಿಗೆ ಬಾಗಿಲು ತೆಗೆದರೆ ಸಾಕು, ನಾಯಿ ತಾನೇ ಹಾರಿ ಹತ್ತಿ ತನ್ನ ಜಾಗದಲ್ಲಿ ಮಲಗಿ ಬೆಲ್ಟಿಗೆ ಕಾಯುತ್ತಿತ್ತು. ಮನೆಗೆ ಬಂದ ಮೇಲೂ ಇಳಿಯಲು ಮನಸ್ಸಿಲ್ಲದೆ ಅಲ್ಲೇ ನಿದ್ದೆ ಹೊಡೆಯುತ್ತಿತ್ತು. ಹೆಂಡತಿ ನಡುವೆ ಪೇಟೆಯಲ್ಲಿ ಇಳಿದು ಬಳೆಯನ್ನೋ ಹೂವನ್ನೋ ಕೊಳ್ಳುವಳು. ಆರನೇ ಇಂಜೆಕ್ಷನ್ ಕೊಟ್ಟ ದಿನ ಡಾಕ್ಟರು ನೋಡಿ, ಗಡ್ಡೆಯ ಸುಳಿವೇ ಇಲ್ಲ, ಇನ್ನು ಬರುವುದು ಬೇಡ ಎಂದರು. ಅವರು ನಮ್ಮ ಹಿಂದಿನ ಸೀಟನ್ನು ಬಗ್ಗಿ ನೋಡಿ, ಇಷ್ಟು ಚೆನ್ನಾಗಿ ನಾಯಿ ತರುವವರನ್ನು ಕಂಡಿಲ್ಲ ಅಂದಾಗ ನನ್ನ ಕಿವಿ ಬಿಸಿಯಾಯಿತು.

ತಿರುಗಿ ಬರುವಾಗ ಮಧ್ಯಾಹ್ನ. ಕುಮಟಾ ಇನ್ನೂ ಸ್ವಲ್ಪ ದೂರ. ಹೆದ್ದಾರಿಯ ಬದಿಯಲ್ಲಿ ಹೆಂಗಸರು ಈರುಳ್ಳಿ ಗೊಂಚಲು ತೂಗುಹಾಕಿಕೊಂಡು ಮಾರಲು ಕೂರುವ ಸಾಲು ಬಂತು. ನನ್ನ ಮುಂದೆ ಹೊರಗಿನ ನಂಬರಿನ ಒಂದು ಕಾರು. ಅವನಿಗೆ ಗೊಂಚಲು ಕಂಡಿತು, ನಡುರಸ್ತೆಯಲ್ಲೇ ಗಕ್ಕನೆ ನಿಲ್ಲಿಸಿದ. ನಾನು ಇದ್ದಬದ್ದ ಬಲವನ್ನೆಲ್ಲ ಕಾಲಿಗೆ ಹಾಕಿ ಬ್ರೇಕ್ ತುಳಿದೆ. ಕಾರಿಗೆ ತಾಗಲಿಲ್ಲ. ಎರಡು ಗೇಣು ಅಂತರದಲ್ಲಿ ನಿಂತೆ. ನನ್ನ ಸೀಟಿನ ಬೆನ್ನಿಗೆ ಏನೋ ಬಡಿದ ಹಾಗಾಯಿತು.

ಆಗ ನನ್ನ ಬಾಯಿಂದ ಬಂದ ಮೊದಲ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ತಿರುಗಿಯೂ ನೋಡದೆ, ನಾಯಿ ಸರಿ ಇದೆಯಾ ಎಂದು ಕೇಳಿದೆ.

"ನಾಯಿಗೆ ಎಂತ ಆಗ್ಲಿಲ್ಲ," ಎಂದಳು ಅವಳು. ಸ್ವಲ್ಪ ತಡೆದು, "ನಂಗೆ ಕೈ ಗೊತ್ತಾಗ್ತಿಲ್ಲ," ಅಂದಳು.

ತಿರುಗಿದೆ. ಮಡಿಲಿನ ನಾಯಿಯ ಮೇಲೆ ಬಗ್ಗಿ ಕೂತಿದ್ದವಳು ಹಾಗೇ ತಲೆ ಮುಂದಾಗಿ ಬಂದು, ನನ್ನ ಸೀಟಿನ ಕಬ್ಬಿಣಕ್ಕೆ ಬಡಿದು, ಹಲಗೆಯ ಅಂಚಿನಲ್ಲಿ ಮಡಚಿ ಬಿದ್ದಿದ್ದಳು. ನಾಯಿ ಎರಡು ಬೆಲ್ಟಿನ ನಡುವೆ ಮಲಗಿದಲ್ಲೇ ಮಲಗಿತ್ತು. ಎದ್ದು ಅವಳ ಮುಖ ನೆಕ್ಕಲು ನೋಡುತ್ತಿತ್ತು, ಬೆಲ್ಟು ಬಿಡಲಿಲ್ಲ.

ಈರುಳ್ಳಿ ಮಾರುವ ಹೆಂಗಸರೆಲ್ಲ ಓಡಿ ಬಂದರು. ಎಲ್ಲರೂ ಅವಳ ಗುರುತಿನವರೇ. ನಾನು ಅವಳ ಕಂಕುಳಿಗೆ ಕೈ ಹಾಕಿ ಎಳೆದು ಕೂರಿಸಿದೆ. ತಲೆ ವಾಲಿತು, ಒಬ್ಬಳು ಹಿಡಿದು ನೆಟ್ಟಗೆ ಮಾಡಿದಳು. ಇನ್ನೊಬ್ಬಳು ನೀರು ಕುಡಿಸಿದಳು. ನಾನು ಭುಜ ಹಿಡಿದು ಅಲ್ಲಾಡಿಸಿದೆ. ನಾವು ಬಿದ್ದವರಿಗೆ ಮಾಡುವುದೇ ಹಾಗೆ, ಎತ್ತುವುದು, ಕೂರಿಸುವುದು, ನೀರು ಕುಡಿಸುವುದು. ಕುಮಟಾದಲ್ಲಿ ನೋಡಿ ಕೂಡಲೇ ಉಡುಪಿಯ ಕಡೆ ಒಯ್ಯಲು ಹೇಳಿದರು. ಆಂಬುಲೆನ್ಸು ಅದೇ ರಸ್ತೆಯಲ್ಲಿ ಹೊನ್ನಾವರ, ಭಟ್ಕಳ ದಾಟಿ ಹೋಯಿತು. ಉಡುಪಿಯ ಡಾಕ್ಟರು, ಬಿದ್ದ ಮೇಲೆ ಹೇಗೆ ಎತ್ತಿದಿರಿ ಎಂದು ಕೇಳಿದರು. ಹೇಳಿದೆ. ಪೆಟ್ಟು ಬಿದ್ದ ಕುತ್ತಿಗೆಯನ್ನು ಅಲ್ಲಾಡಿಸಬಾರದಿತ್ತು ಎಂದರು, ಆ ಬೈಕಿನವನ ಹಾಗೆಯೇ ಅವರೂ ಬೈಯಲಿಲ್ಲ.

ಕುತ್ತಿಗೆಯ ಒಳಗಿನ ನರಕ್ಕೆ ಪೆಟ್ಟು. ಈಗ ಅವಳು ಮಾತಾಡುತ್ತಾಳೆ, ಊಟ ಮಾಡಿಸಿದರೆ ಮಾಡುತ್ತಾಳೆ. ಬಲಗೈ ಮೊಣಕೈವರೆಗೆ ಸ್ವಲ್ಪ ಏಳುತ್ತದೆ. ಬೆರಳು ಒಂದೂ ಮಡಚುವುದಿಲ್ಲ. ಕಾಲಿನ ಮಾತು ಡಾಕ್ಟರು ಎತ್ತುವುದಿಲ್ಲ. ಈ ಬೇಸಿಗೆಯಲ್ಲಿ ಅವಳನ್ನು ಅಂಗಳದ ನೆರಳಲ್ಲಿ ಕುರ್ಚಿಗೆ ಒರಗಿಸಿ ಕೂರಿಸಿದ್ದೆ. ಪಕ್ಕದ ಮನೆಯ ಹೆಂಗಸರು ಗೊಂಚಲು ಹೆಣೆಯುವುದನ್ನು ನೋಡುತ್ತ, ಸಡಿಲಾಯಿತು, ಬಿಗಿ ಹಿಡಿ ಎಂದು ಹೇಳಿಕೊಡುತ್ತಿದ್ದಳು. ನನಗೆ ಅಲ್ಲಿ ನಿಂತುಕೊಳ್ಳಲು ಆಗಲಿಲ್ಲ. ಗಾಡಿ ತೊಳೆಯುವ ನೆಪ ಮಾಡಿ ಹೋದೆ.

ಎಷ್ಟೋ ತಿಂಗಳು ನನಗೆ ಆ ನಾಯಿಯ ಮುಖ ಕಂಡರೆ ಆಗುತ್ತಿರಲಿಲ್ಲ. ಹತ್ತಿರ ಬಂದರೆ ಒದ್ದು ಓಡಿಸಿದ್ದೂ ಉಂಟು. ನಾಯಿಯ ತಪ್ಪು ಏನಿತ್ತು? ಏನೂ ಇಲ್ಲ. ಅದಕ್ಕೆ ಬೆಲ್ಟು ಹಾಕಿದವನು ನಾನು, ಅವಳಿಗೆ ಹಾಕದವನೂ ನಾನು. ಈರುಳ್ಳಿ ಚೀಲಕ್ಕೆ ಬೆಲ್ಟು ಹಾಕಿ ಮೂರು ಸಲ ಬ್ರೇಕ್ ಹೊಡೆದು ನೋಡಿದವನಿಗೆ ಹೆಂಡತಿಯ ಬಗ್ಗೆ ಒಂದು ಸಲ ಯೋಚನೆ ಬರಲಿಲ್ಲವಲ್ಲ, ಥೂ.

ವಾರಕ್ಕೆರಡು ಸಲ ಅವಳಿಗೆ ವ್ಯಾಯಾಮ ಮಾಡಿಸಲು ಹೊನ್ನಾವರಕ್ಕೆ ಒಯ್ಯಬೇಕು. ಮುಂದಿನ ಸೀಟು ಅವಳಿಗೆ ಆಗುವುದಿಲ್ಲ, ಕಾಲು ನೀಡಿಯೇ ಇರಬೇಕು. ಹಾಗಾಗಿ ಅದೇ ಹಿಂದಿನ ಸೀಟು. ಕ್ರೇಟು ಅದೇ, ಹಲಗೆ ಅದೇ. ನಾರಿನ ಹಾಸಿಗೆಯ ಮೇಲೆ ದಪ್ಪ ಫೋಮು ಹಾಕಿದ್ದೇನೆ. ಬೆನ್ನಿಗೆ ಒರಗು ಮಾಡಿಸಿದ್ದೇನೆ, ಕಬ್ಬಿಣ ಕಾಣುವಲ್ಲೆಲ್ಲ ಸ್ಪಂಜು ಸುತ್ತಿದ್ದೇನೆ. ಕಿಟಕಿಯ ಬಲೆ ತೆಗೆಯಬೇಡಿ, ಬಿಸಿಲು ತಡೆಯುತ್ತದೆ ಎಂದು ಅವಳೇ ಹೇಳಿದಳು. ನಾಯಿಯನ್ನೂ ಕರೆದುಕೊಂಡು ಹೋಗುವುದು ಅವಳದೇ ಹಟ. ಅದು ಅವಳ ಕಾಲ ಬಳಿ ಮಲಗುತ್ತದೆ. ಅದಕ್ಕೆಂದು ಸೀಟಿನ ಕೆಳಗೆ ಬೇರೆಯೇ ಒಂದು ಕೊಂಡಿ ಬೆಸೆಸಿ, ಅವಳು ಹೆಣೆದ ಎದೆಪಟ್ಟಿಯನ್ನು ಅದಕ್ಕೆ ಸಿಕ್ಕಿಸುತ್ತೇನೆ. ಅಷ್ಟು ತೊಳೆದರೂ ಅದರ ಒಂದು ಎಳೆಯೂ ಬಿಚ್ಚಿಲ್ಲ.

ಮೊನ್ನೆ ಮಂಗಳವಾರವೂ ಹೀಗೇ ಹೊರಟಿದ್ದೆವು. ಅವಳನ್ನು ಎತ್ತಿ ಮಲಗಿಸಿ, ಎಡದ ಬೆಲ್ಟು ಎಳೆದು ಬಕಲ್ ಹಾಕಿದೆ. ಬಲದ್ದನ್ನು ಎಳೆದು ಹಾಕಿದೆ. ಎರಡನ್ನೂ ಜಗ್ಗಿ ನೋಡಿದೆ, ಮತ್ತೊಮ್ಮೆ ಜಗ್ಗಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನನ್ನನ್ನು ಛೇಡಿಸುವಾಗಿನ ಅದೇ ಹಳೇ ಮುಖ.

"ಎರಡೆರಡು ಎಂತಕ್ಕೆ? ನಾನೆಂತ ಕಿಟಕಿಂದ ಹಾರ್ತ್ನಾ?" ಅಂದಳು.

ನಾನು ಬಾಗಿಲು ಹಾಕಿ, ಮುಂದೆ ಬಂದು ಕೂತು, ಗಾಡಿ ಬಿಡುವ ಮೊದಲು ಹಿಂದೆ ತಿರುಗಿ ನೋಡಿದೆ.